ಅಕ್ಯುಪಂಕ್ಚರ್ ಬಿಂದುವಿಗೆ ‘ಮರ್ಮ’ ಅನ್ನಬಹುದೇ?

ಹಾಸನದಲ್ಲಿ ಅಕ್ಯುಪಂಕ್ಚರ್ ಮಾಡುವ ವೈದ್ಯರೊಬ್ಬರಿಗೆ ಕನ್ನಡದಲ್ಲಿ ಕರಪತ್ರ ಬರೆದುಕೊಡುತ್ತಿದ್ದೇನೆ. ಕೆಲವು ಪದಗಳ ಹತ್ತಿರ ಪೆನ್ನು ನಿಂತುಬಿಟ್ಟಿದೆ.

ಅಕ್ಯುಪಂಕ್ಚರ್ ಎಂದರೆ ಮೈಯ ಕೆಲವು ಜಾಗಗಳಿಗೆ ಸಣ್ಣ ಸೂಜಿ ಚುಚ್ಚುವ ಚಿಕಿತ್ಸೆ. ಆದರೆ ಅದನ್ನು ‘ಸೂಜಿ ಚಿಕಿತ್ಸೆ’ ಎಂದರೆ ನಮ್ಮ ಕಡೆ ಇಂಜೆಕ್ಷನ್ ಅಂತಲೇ ಅರ್ಥ. ಚನ್ನರಾಯಪಟ್ಟಣದ ಕಡೆಯ ಅಜ್ಜಿಯೊಬ್ಬರು ಆ ಸೂಜಿಯನ್ನು ಬೆಳಕಿಗೆ ಹಿಡಿದು ನೋಡಿ, “ತೂತೇ ಇಲ್ವಲ್ಲಪ್ಪ, ಔಷಧಿ ಎಲ್ಲಿಂದ ಹೋಯ್ತದೆ?” ಎಂದರು. ಸರಿಯಾದ ಪ್ರಶ್ನೆಯೇ. ಅದು ಸಣ್ಣ ಗಟ್ಟಿ ತಂತಿ, ಒಳಗೆ ಟೊಳ್ಳಿಲ್ಲ, ಔಷಧಿಯೂ ಇಲ್ಲ. ಅದಕ್ಕೇ ಅಕ್ಯುಪಂಕ್ಚರ್ ಎಂದೇ ಉಳಿಸಿದೆ. ಅದೇನು ಚೀನೀ ಪದವಲ್ಲ. ಡಚ್ ವೈದ್ಯ ಟೆನ್ ರೈನೆ 1683ರ ತನ್ನ ಲ್ಯಾಟಿನ್ ಪುಸ್ತಕದಲ್ಲಿ ಬಳಸಿದ್ದು. ಚೀನೀಯರ ಹೆಸರಿನಲ್ಲಿ ಸೂಜಿಯ ಜೊತೆ ಶಾಖವೂ ಸೇರಿದೆ. ಮಾಚಿಪತ್ರೆ ಜಾತಿಯ ಸೊಪ್ಪನ್ನು ಒಣಗಿಸಿ, ಹೊತ್ತಿಸಿ ಕಾವು ಕೊಡುತ್ತಾರೆ.

ಚುಚ್ಚುವ ಜಾಗಕ್ಕೆ ‘ಮರ್ಮ’ ಎಂದು ಬರೆಯಿರಿ ಅಂತ ಒಬ್ಬರ ಸಲಹೆ. ಕೇಳಲು ಚೆನ್ನಾಗಿದೆ, ಆದರೆ ಅರ್ಥ ತಲೆಕೆಳಗಾಗುತ್ತದೆ. ಸುಶ್ರುತ ಹೇಳುವ 107 ಮರ್ಮಗಳು ಪೆಟ್ಟು ಬಿದ್ದರೆ ಅಪಾಯವಾಗುವ ಜಾಗಗಳು. ಶಸ್ತ್ರ ತಾಗದಂತೆ ನೋಡಿಕೊಳ್ಳಿ ಎಂಬುದೇ ಅಲ್ಲಿನ ಮಾತು. ವಿಶ್ವ ಆರೋಗ್ಯ ಸಂಸ್ಥೆ ಪಟ್ಟಿ ಮಾಡಿದ 361 ಅಕ್ಯುಪಂಕ್ಚರ್ ಬಿಂದುಗಳು ಬೇಕೆಂದೇ ಚುಚ್ಚುವ ಜಾಗಗಳು. ‘ಬಿಂದು’ವೇ ಸಾಕು ಅಲ್ವಾ?

ಮೆರಿಡಿಯನ್ ಎಂಬುದಕ್ಕೆ ವೈದ್ಯರು ‘ನರ’ ಎಂದು ಹಾಕಿಸಬೇಕು ಅಂತಾರೆ, ಜನಕ್ಕೆ ಬೇಗ ಹತ್ತುತ್ತದಂತೆ. ಹತ್ತುತ್ತದೆ ನಿಜ, ಆದರೆ ತಪ್ಪಾಗಿ. ಅದು ‘ಚೀ’ ಎಂಬ ಶಕ್ತಿ ಹರಿಯುತ್ತದೆ ಎಂದು ಚೀನೀ ವೈದ್ಯರು ನಂಬಿದ ದಾರಿ. ದೇಹ ಕೊಯ್ದರೆ ಕಾಣುವಂಥದ್ದಲ್ಲ. ನಾನು ಸುಮ್ನೆ ‘ದಾರಿ’ ಎಂದಿದ್ದೇನೆ. ‘ಗುಣವಾಗುತ್ತದೆ’ ಎಂದಿದ್ದ ಕಡೆಯೆಲ್ಲ ‘ನೋವು ಕಡಿಮೆಯಾಗಬಹುದು’ ಎಂದು ತಿದ್ದಿದೆ. 2019ರಲ್ಲಿ ಕೇಂದ್ರ ಸರ್ಕಾರ ಈ ಪದ್ಧತಿಗೆ ಮಾನ್ಯತೆ ಕೊಟ್ಟಿದೆ, ಸರಿ. ಆದರೆ ಹುಸಿ ಸೂಜಿ, ಅಂದರೆ ನಿಜವಾದ ಚಿಕಿತ್ಸೆಯಂತೆ ತೋರುವ ಸುಳ್ಳು ಸೂಜಿ, ಇಟ್ಟು ನಡೆಸಿದ ಎಷ್ಟೋ ಪರೀಕ್ಷೆಗಳಲ್ಲಿ ಹುಸಿಗೂ ಅಸಲಿಗೂ ಅಂತರ ಬಹಳ ಕಡಿಮೆ. ವೈದ್ಯರ ಮುಖ ಸ್ವಲ್ಪ ಸಣ್ಣಗಾಯಿತು, ಆದರೂ ಒಪ್ಪಿದರು.

ನನ್ನನ್ನು ಜಾಸ್ತಿ ಕಾಡಿದ್ದು ‘ದೇ ಚೀ’. ಸೂಜಿ ಇಳಿದ ಮೇಲೆ ಆ ಜಾಗ ಭಾರವಾಗಿ, ಮಂದವಾಗಿ ನೋಯುತ್ತಾ ಸುತ್ತಲೂ ಹರಡುವ ಅನುಭವ. ‘ಜೋಮು’ ಎಂದರೆ ಕಾಲು ಮಡಿಸಿ ಕೂತಾಗ ಆಗುವುದು. ಅದರಲ್ಲಿ ನೋವಿನ ಭಾರ ಬರುವುದಿಲ್ಲ. ‘ಛಳುಕು’ ತೀರಾ ಚುರುಕು. ‘ಸೆಳೆತ’ ಹತ್ತಿರವಿದೆ, ಆದರೆ ಅದು ಎಳೆಯುವ ನೋವು. ಸಕಲೇಶಪುರ, ಮೂಡಿಗೆರೆ ಕಡೆ ಇದಕ್ಕೊಂದು ಮಾತು ಬಳಕೆಯಲ್ಲಿದ್ದರೆ, ಯಾವ ನೋವಿಗೆ ಹಾಗನ್ನುತ್ತಾರೆ ಎಂಬುದನ್ನೂ ಸೇರಿಸಿ ತಿಳಿಸಿ. ಕರಪತ್ರ ಇನ್ನೂ ಅಚ್ಚಿಗೆ ಹೋಗಿಲ್ಲ.