ಆಕಳಿಕೆ, ತೇಗು, ಉಗುಳು: ಕ್ರೈಸ್ತ ಬೋಧನೆಯಲ್ಲಿ ಇವಕ್ಕೆ ಜಾಗ ಇದೆಯೇ?

ಕೊಳ್ಳೇಗಾಲದ_ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಚರ್ಚಿನಲ್ಲಿ ಏಳನೇ, ಎಂಟನೇ ಕ್ಲಾಸಿನ ಮಕ್ಕಳಿಗೆ ಭಾನುವಾರ ಧರ್ಮೋಪದೇಶ ಹೇಳಿಕೊಡುತ್ತೇನೆ. ಈ ತಪಸ್ಸುಕಾಲಕ್ಕೆ (ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಿಗೆ) ‘ಬಾಯಿಯ ಉಪವಾಸ’ ಅಂತ ಒಂದು ಪಾಠ ಮಾಡೋಣ ಅಂದುಕೊಂಡೆ. ಸುಳ್ಳು, ಚಾಡಿ, ಬೈಗುಳದ ಬಗ್ಗೆ ಹೇಳುವುದು ಕಷ್ಟವಿಲ್ಲ. ಬೈಬಲಿನಲ್ಲಿ ಸಂತ ಯಾಕೋಬರ ಪತ್ರದ ಮೂರನೇ ಅಧ್ಯಾಯ ಒಂದೇ ಸಾಕು, ಅದು ನಾಲಗೆಯ ಬಗ್ಗೆಯೇ ಇದೆ. ಕುದುರೆಯ ಕಡಿವಾಣ, ಹಡಗಿನ ಚುಕ್ಕಾಣಿ, ಕಾಡು ಸುಡುವ ಕಿಡಿ, ಎಲ್ಲವೂ ಮಕ್ಕಳಿಗೆ ಥಟ್ಟನೆ ಹಿಡಿಸುತ್ತವೆ.

ನಾನು ಅದರ ಜೊತೆಗೆ ಇನ್ನೂ ಕೆಲವು ಸೇರಿಸಿದೆ: ಪೂಜೆ ನಡೆಯುವಾಗ ಬಬಲ್‌ಗಮ್ ಅಗಿಯೋದು, ಬೇಕಂತಲೇ ದೊಡ್ಡದಾಗಿ ಆಕಳಿಸಿ ಪಕ್ಕದವನನ್ನು ನಗಿಸೋದು, ಚರ್ಚಿನ ಕಾಂಪೌಂಡಿನಲ್ಲಿ ಉಗುಳೋದು, ಹಬ್ಬದ ಊಟದಲ್ಲಿ ಎಲ್ಲರಿಗೂ ಬಡಿಸುವ ಮೊದಲೇ ಬಾಯಿಗೆ ತುಂಬಿಕೊಳ್ಳೋದು. ನಮ್ಮ ಜೊತೆಯ ಟೀಚರ್ ಒಬ್ಬರು ಒಪ್ಪಲಿಲ್ಲ. “ಇದೆಲ್ಲ ಬರೀ ಮ್ಯಾನರ್ಸ್, ಸ್ಕೂಲಲ್ಲಿ ಹೇಳ್ಕೊಡ್ತಾರೆ. ಬಾಯೊಳಗೆ ಹೋಗುವುದು ಮನುಷ್ಯನನ್ನು ಕೆಡಿಸೋದಿಲ್ಲ, ಬಾಯಿಂದ ಹೊರಗೆ ಬರುವುದೇ ಕೆಡಿಸೋದು ಅಂತ ಯೇಸುಸ್ವಾಮಿಯೇ ಹೇಳಿದ್ದಾರಲ್ಲ” ಅಂದರು. ಅವರ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಳೆಯ ಧರ್ಮಗುರುಗಳು, ಸಂತರು ಇಂಥ ಸಣ್ಣ ವಿಷಯಗಳನ್ನು ಬೋಧಿಸಿದ್ದಾರಾ? ಬೋಧಿಸಿದ್ದರೆ ಕಾರಣ ಏನು ಕೊಟ್ಟಿದ್ದಾರೆ?

ಹಳೇ_ವಾರ್ಡನ್:

ಟೀಚರಮ್ಮ, ಬೋಧಿಸಿದ್ದಾರೆ, ಅದೂ ಬಹಳ ಹಿಂದಿನಿಂದ. ನಾನು ಗಂಡುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವನು, ದಿನಾ ಮೂರು ಹೊತ್ತು ಊಟದ ಮನೆಯ ಬಾಗಿಲಲ್ಲಿ ನಿಂತವನು. ಹಾಗಾಗಿ ಈ ವಿಷಯ ನನಗೆ ಸಣ್ಣದು ಅಂತ ಯಾವತ್ತೂ ಅನ್ನಿಸಿಲ್ಲ.

ಎರಡನೇ ಶತಮಾನದ ಕೊನೆಯ ಹೊತ್ತಿಗೆ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಕ್ಲೆಮೆಂಟ್ ಎಂಬ ಗುರುಗಳಿದ್ದರು. ಹೊಸದಾಗಿ ಕ್ರೈಸ್ತರಾದವರಿಗೆ ದಿನನಿತ್ಯದ ಬದುಕು ಹೇಗಿರಬೇಕು ಅಂತ ಮೂರು ಭಾಗಗಳ ಒಂದು ಗ್ರಂಥ ಬರೆದರು. ಅದರ ಎರಡನೇ ಭಾಗ ಪೂರ್ತಿ ಊಟ, ಕುಡಿತ, ನಗು, ಮಾತು, ನಿದ್ದೆ ಇಂಥವುಗಳದ್ದೇ. ಬಾಯಿ ತುಂಬ ಅನ್ನ ಇಟ್ಟುಕೊಂಡು ಮಾತಾಡಬೇಡಿ, ದವಡೆ ತುಂಬಿದಾಗ ದನಿ ಅಸ್ಪಷ್ಟವಾಗಿ ಕೇಳುವವರಿಗೆ ಹಿಂಸೆಯಾಗುತ್ತದೆ ಅನ್ನುತ್ತಾರೆ. ಗಲ್ಲದ ಮೇಲೆ ಸುರಿಯುವ ಹಾಗೆ ಗಟಗಟ ಕುಡಿಯಬೇಡಿ, ಬಿಕ್ಕಳಿಕೆ ಬಂದರೆ ಸದ್ದಿಲ್ಲದೆ ಉಸಿರಿನ ಜೊತೆ ಬಿಟ್ಟುಬಿಡಿ, ನಾಟಕದ ಮುಖವಾಡದ ಹಾಗೆ ಬಾಯಿ ಅಗಲಿಸಬೇಡಿ ಅನ್ನುತ್ತಾರೆ. ಸೀನು ಬಂದರೆ ಪಕ್ಕದವರು ಬೆಚ್ಚಿಬೀಳುವ ಹಾಗೆ ಸೀನಬೇಡಿ. ತಾನಾಗಿ ಬರುವ ಸದ್ದನ್ನು ತಗ್ಗಿಸುವ ಬದಲು ಇನ್ನಷ್ಟು ಹೆಚ್ಚಿಸುವುದು ಸೊಕ್ಕಿನ ಗುರುತು ಅನ್ನುತ್ತಾರೆ. ನಿಮ್ಮ ಆಕಳಿಸುವ ಹುಡುಗನಿಗೆ ಈ ಮಾತು ನೇರವಾಗಿ ತಾಗುತ್ತದೆ. ಆಕಳಿಕೆ ಬರುವುದರಲ್ಲಿ ಅವನ ತಪ್ಪಿಲ್ಲ, ಅದನ್ನು ಪ್ರದರ್ಶನ ಮಾಡುವುದು ಅವನ ಆಯ್ಕೆ.

ಕಾರಣ ಏನು ಅಂತ ಕೇಳಿದಿರಿ. ನಾನು ಓದಿದ್ದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ. ಊಟದ ನಡುವೆ ಉಗುಳುವುದು, ಕ್ಯಾಕರಿಸುವುದು, ಮೂಗು ಸೀಟುವುದು ಬೇಡ ಅನ್ನುವಾಗ ಕ್ಲೆಮೆಂಟ್ ಮೊದಲು ಹೇಳುವುದು ಜೊತೆಗೆ ಕೂತು ಉಣ್ಣುವವರ ಮರ್ಯಾದೆಯ ಮಾತು. ಅವರು ಅಸಹ್ಯಪಟ್ಟು ಮುಖ ತಿರುಗಿಸುವ ಹಾಗಾಗಬಾರದು. ಮೇವಿನ ಗೋದಲಿ, ಸಗಣಿಯ ಗುಡ್ಡೆ ಎರಡೂ ಒಂದೇ ಕಡೆ ಇರುವ ಎತ್ತು ಕತ್ತೆಗಳ ಹಾಗೆ ನಾವು ಇರಬಾರದು ಅಂತ. ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ಮನೆಯ ಆಳುಗಳನ್ನು ಸಿಳ್ಳೆ ಹಾಕಿ, ಬಾಯಲ್ಲಿ ಲೊಚಗುಟ್ಟಿ, ಬೆರಳಿಂದ ಸದ್ದು ಮಾಡಿ ಕರೆಯಬೇಡಿ. ಅದು ಬುದ್ಧಿಯಿರುವ ಮನುಷ್ಯರು ಬಿಡಬೇಕಾದ, ಬುದ್ಧಿಯಿಲ್ಲದ ಸಂಜ್ಞೆ. ಗುಲಾಮರು ಮನೆಮನೆಯಲ್ಲಿದ್ದ ಕಾಲದಲ್ಲಿ, ಅನುಕೂಲಸ್ಥರೂ ಓದುತ್ತಿದ್ದ ಗ್ರಂಥದಲ್ಲಿ ಬರೆದ ಮಾತು ಅದು. ನಮ್ಮಲ್ಲಿ ಇವತ್ತಿಗೂ ಹೋಟೆಲಿನಲ್ಲಿ ಸಪ್ಲೈಯರನ್ನು ‘ಶ್ಶ್’ ಅಂತ ಕರೆಯುವವರಿದ್ದಾರೆ. ಮಕ್ಕಳಿಗೆ ಇದನ್ನೇ ಉದಾಹರಣೆ ಕೊಡಿ. ಅಲ್ಲಿ ಬೈಗುಳ ಇಲ್ಲ, ಸುಳ್ಳಿಲ್ಲ, ಚಾಡಿ ಇಲ್ಲ, ಒಂದು ಪದ ಕೂಡ ಇಲ್ಲ. ಆದರೂ ಬಾಯಿ ಒಬ್ಬ ಮನುಷ್ಯನನ್ನು ಕೀಳು ಮಾಡಿಬಿಟ್ಟಿತು.

ಇನ್ನು ಪೂಜೆಯ ಸಮಯದ ವಿಷಯ. ಐದನೇ ಶತಮಾನದ ಆರಂಭದಲ್ಲಿ ಜಾನ್ ಕ್ಯಾಸಿಯನ್ ಎಂಬ ಸನ್ಯಾಸಿ ತಾವು ಈಜಿಪ್ಟಿನಲ್ಲಿ ಕಂಡ ಸನ್ಯಾಸಿಗಳ ಪ್ರಾರ್ಥನೆಯನ್ನು ವರ್ಣಿಸಿದ್ದಾರೆ. ಅಷ್ಟೊಂದು ಜನ ಸೇರಿದ್ದರೂ ಉಗುಳಿಲ್ಲ, ಕೆಮ್ಮಿಲ್ಲ, ಬಾಯಿ ತೆರೆದ ಆಕಳಿಕೆಯಿಲ್ಲ, ಕೀರ್ತನೆ ಹಾಡುವವನ ದನಿ ಬಿಟ್ಟರೆ ಯಾರೂ ಇಲ್ಲವೇನೋ ಅನ್ನುವಷ್ಟು ನಿಶ್ಶಬ್ದ. ಹಾಗೆ ಸದ್ದು ಮಾಡುವವನದು ಎರಡು ಪಟ್ಟು ತಪ್ಪು ಅಂತ ಅಲ್ಲಿಯ ಹಿರಿಯರು ಎಣಿಸುತ್ತಿದ್ದರಂತೆ. ಒಂದು, ತನ್ನ ಪ್ರಾರ್ಥನೆಯನ್ನು ಅಸಡ್ಡೆಯಿಂದ ದೇವರಿಗೆ ಒಪ್ಪಿಸಿದ್ದು. ಇನ್ನೊಂದು, ಮನಸ್ಸಿಟ್ಟು ಪ್ರಾರ್ಥಿಸಬಹುದಾಗಿದ್ದ ಪಕ್ಕದವನನ್ನು ಕೆಡಿಸಿದ್ದು. ಇಲ್ಲಿಯೂ ಪಕ್ಕದವನು ಬಂದ, ನೋಡಿ.

ಸಂತ ಪೌಲರಂತೂ ಇದನ್ನು ಪರಮಪ್ರಸಾದದ (ಪೂಜೆಯಲ್ಲಿ ಯೇಸುಸ್ವಾಮಿಯ ಶರೀರವೆಂದು ಸ್ವೀಕರಿಸುವ ರೊಟ್ಟಿಯ) ಮುಂದೆಯೇ ತಂದು ನಿಲ್ಲಿಸಿದ್ದಾರೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯ ತೆಗೆಯಿರಿ. ಪ್ರಭುವಿನ ಭೋಜನಕ್ಕೆ ಅಂತ ಸೇರಿದವರಲ್ಲಿ ಕೆಲವರು ಮೊದಲೇ ಕೂತು ತಿಂದು ಕುಡಿದು ಮತ್ತರಾಗುತ್ತಿದ್ದರು, ಇಲ್ಲದವರು ಹಸಿದು ನಿಂತಿರುತ್ತಿದ್ದರು. ಪೌಲರ ಕೋಪ ಸಾಮಾನ್ಯದ್ದಲ್ಲ: ದೇವರ ಸಭೆಯನ್ನೇ ತುಚ್ಛ ಮಾಡುತ್ತೀರಾ, ಇಲ್ಲದವರಿಗೆ ಅವಮಾನ ಮಾಡುತ್ತೀರಾ ಅಂತ ಕೇಳುತ್ತಾರೆ. ಕೊನೆಗೆ ಕೊಡುವ ಆಜ್ಞೆ ಊಟದ ಮನೆಯ ಆಜ್ಞೆ: ಉಣ್ಣಲು ಸೇರಿದಾಗ ಒಬ್ಬರಿಗಾಗಿ ಒಬ್ಬರು ಕಾಯಿರಿ. ಹಬ್ಬದ ಊಟದಲ್ಲಿ ಎಲ್ಲರಿಗೂ ಬಡಿಸುವ ತನಕ ತಡೆಯಬೇಕು ಅಂತ ನೀವು ಹೇಳಿದ್ದು ಇದನ್ನೇ. ಇದು ಮ್ಯಾನರ್ಸ್ ಮಾತ್ರ ಅಂತ ಹೇಗೆ ಹೇಳುತ್ತಾರೋ ನನಗೆ ತಿಳಿಯದು.

ನಿಮ್ಮ ಪಾಠದ ಹೆಸರಿಗೂ ಆಧಾರ ಇದೆ. 387ರ ತಪಸ್ಸುಕಾಲದಲ್ಲಿ ಅಂತಿಯೋಕ್ಯ ಪಟ್ಟಣದಲ್ಲಿ ಅಲ್ಲಿಯ ಗುರುಗಳಾಗಿದ್ದ ಸಂತ ಜಾನ್ ಕ್ರಿಸೋಸ್ತೋಮರು, ಬಾಯಿಯೂ ಉಪವಾಸ ಮಾಡಲಿ ಅಂತ ಪ್ರಸಂಗ ಮಾಡಿದ್ದರು. ಹಕ್ಕಿ ಮೀನು ಬಿಟ್ಟು ಒಡಹುಟ್ಟಿದವರನ್ನು ಕಚ್ಚಿ ತಿಂದರೆ ಏನು ಲಾಭ ಅಂತ ಅವರ ಪ್ರಶ್ನೆ.

ಬಲ್ಮಠ_ಓದುಗ:

ಹಳೇ ವಾರ್ಡನ್ ಅವರೇ, ತುಂಬಾ ಕಲಿತೆ. ಆದರೂ ಟೀಚರ್ ಅವರ ಸಹೋದ್ಯೋಗಿಯ ಪರವಾಗಿ ಒಂದು ಮಾತು. ಮತ್ತಾಯನ ಸುವಾರ್ತೆ 15ರಲ್ಲಿ ಫರಿಸಾಯರು (ಕಟ್ಟುನಿಟ್ಟಾಗಿ ಶಾಸ್ತ್ರ ಪಾಲಿಸುವ ಯೆಹೂದ್ಯರ ಪಂಗಡದವರು) ತೆಗೆದ ತಕರಾರು ಕೈ ತೊಳೆಯದೆ ಉಂಡರು ಅಂತ. ಯೇಸು ಅದನ್ನು ಪಕ್ಕಕ್ಕಿಟ್ಟು, ಹೃದಯದಿಂದ ಬರುವ ಕೊಲೆ, ವ್ಯಭಿಚಾರ, ಕಳ್ಳತನ, ಸುಳ್ಳುಸಾಕ್ಷಿ, ದೂಷಣೆಗಳನ್ನು ಪಟ್ಟಿ ಮಾಡುತ್ತಾನೆ. ನನ್ನ ಭಯ ಏನೆಂದರೆ, ನೀಟಾಗಿ ಉಣ್ಣುವವನೇ ಒಳ್ಳೆ ಕ್ರೈಸ್ತ ಅನ್ನುವ ಲೆಕ್ಕ ಬಹಳ ಬೇಗ ಬಂದುಬಿಡುತ್ತದೆ. ಮನೆಯಲ್ಲಿ ಟೇಬಲ್ಲು, ಕರವಸ್ತ್ರ ಕಂಡ ಮಕ್ಕಳು ಮುಂದಿನ ಬೆಂಚು, ಕಾಣದವರು ಹಿಂದಿನ ಬೆಂಚು ಆಗುತ್ತದೆ. ಯಾಕೋಬನ ಪತ್ರಿಕೆ ಅಂದಿರಲ್ಲ, ಮೂರನೇ ಅಧ್ಯಾಯಕ್ಕೆ ಮುಂಚೆ ಎರಡನೆಯದು ಓದಿಸಿ. ಚಿನ್ನದ ಉಂಗುರದವನಿಗೆ ಒಳ್ಳೆ ಜಾಗ, ಕೊಳೆ ಬಟ್ಟೆಯವನಿಗೆ ಕಾಲಡಿಯ ಜಾಗ ಕೊಡುವವರನ್ನು ಅಲ್ಲಿ ಗದರಿಸಿದ್ದಾನೆ.

ಹಳೇ_ವಾರ್ಡನ್:

ನಿಮ್ಮ ಭಯ ನ್ಯಾಯವಾದದ್ದು. ಶಿಷ್ಟಾಚಾರದ ಹೆಸರಲ್ಲಿ ಬಡಮಕ್ಕಳನ್ನು ಕುಗ್ಗಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದು ನನಗೆ ಈಗಲೂ ಸಂಕಟ. ಆದರೆ ಅದಕ್ಕೆ ಪರಿಹಾರ ಕಲಿಸದೇ ಬಿಡುವುದಲ್ಲ. ಫ್ರಾನ್ಸಿನ ಸಂತ ಜಾನ್ ಬ್ಯಾಪ್ಟಿಸ್ಟ್ ಡಿ ಲಾಸಾಲ್ ಅವರನ್ನು ನೋಡಿ. ರೀಮ್ಸ್ ಪಟ್ಟಣದ ಸಿರಿವಂತ ಮನೆತನದವರು. 1680ರ ದಶಕದ ಕ್ಷಾಮದ ಚಳಿಗಾಲದಲ್ಲಿ ತಮ್ಮ ಆಸ್ತಿಯನ್ನು ಹಸಿದವರಿಗೆ ಹಂಚಿ, ಬಡವರ, ಕುಶಲಕರ್ಮಿಗಳ ಮಕ್ಕಳಿಗೆ ಶಾಲೆ ನಡೆಸಿದರು. 1703ರಲ್ಲಿ ಆ ಮಕ್ಕಳಿಗೆ ಅಂತಲೇ ಕ್ರೈಸ್ತ ಶಿಷ್ಟಾಚಾರದ ಪುಸ್ತಕ ಬರೆದರು. ಆಕಳಿಸುವುದು, ಉಗುಳುವುದು, ಕೆಮ್ಮುವುದು, ಬಾಯಿ, ಹಲ್ಲು, ನಾಲಗೆ, ಮಾತು, ಒಂದನ್ನೂ ಬಿಟ್ಟಿಲ್ಲ. ಅವರ ಶಾಲೆಗಳಲ್ಲಿ ಚೆನ್ನಾಗಿ ಓದಲು ಬಂದ ಮಕ್ಕಳಿಗೆ ಓದಿನ ಪುಸ್ತಕವೂ ಅದೇ ಆಗಿತ್ತು. ಜನ ಶಿಷ್ಟಾಚಾರವನ್ನು ಬರೀ ಲೌಕಿಕ ಗುಣ ಅಂದುಕೊಳ್ಳುತ್ತಾರೆ ಅಂತ ಮುನ್ನುಡಿಯಲ್ಲೇ ಕೊರಗುತ್ತಾರೆ. ಪಕ್ಕದವನಲ್ಲೂ ನಿನ್ನಲ್ಲೂ ಪವಿತ್ರಾತ್ಮರು ವಾಸವಾಗಿದ್ದಾರೆ, ಅದನ್ನು ನೆನೆದು ನಡೆದುಕೋ ಅನ್ನುವುದು ಅವರ ಬೋಧನೆ. ಅಲ್ಲಿಯವರೆಗೆ ದೊಡ್ಡಮನೆಯ ಹುಡುಗರ ಸೊತ್ತಾಗಿದ್ದನ್ನು ಚಮ್ಮಾರನ ಮಗನ ಕೈಗೆ ಕೊಟ್ಟರು ಅಂತಲೇ ನಾನು ತಿಳಿಯುತ್ತೇನೆ.

ಇನ್ನು ಮತ್ತಾಯ 15. ಯೇಸುಸ್ವಾಮಿ ಅಲ್ಲಿ ತಳ್ಳಿಹಾಕಿದ್ದು, ತೊಳೆದ ಕೈಯಿಂದ ದೇವರ ಮುಂದೆ ಶುದ್ಧನಾಗುತ್ತೇನೆ ಅನ್ನುವ ಲೆಕ್ಕವನ್ನು. ಅದೇ ಅಧ್ಯಾಯದಲ್ಲಿ, ಕಾಣಿಕೆಯ ನೆಪ ಹೇಳಿ ಹೆತ್ತವರಿಗೆ ಕೊಡಬೇಕಾದ್ದನ್ನು ತಪ್ಪಿಸುವವರನ್ನು ಬೈದಿದ್ದಾರೆ. ಅಲ್ಲಿಯೂ ಅವರ ಕಣ್ಣು ಎದುರಿನ ಮನುಷ್ಯನ ಮೇಲೆಯೇ ಇದೆ.

ಮೌನದ_ಮನೆ:

ಸಂತ ಬೆನೆಡಿಕ್ಟರು ಮಠದ ಸನ್ಯಾಸಿಗಳಿಗೆ ಬರೆದ ನಿಯಮವನ್ನು ಯಾರೂ ಹೇಳಲಿಲ್ಲವಲ್ಲ. ಆರನೇ ಶತಮಾನದ್ದು, ನಮ್ಮಲ್ಲೂ ಕೆಂಗೇರಿ ಹತ್ತಿರದ ಆಶೀರ್ವನಂ ಆಶ್ರಮದವರು ಅನುಸರಿಸುವುದು ಅದನ್ನೇ. ಅದರ 38ನೇ ಅಧ್ಯಾಯದ ಪ್ರಕಾರ ಊಟದ ಹೊತ್ತಿಗೆ ಒಬ್ಬರು ಓದಬೇಕು, ಉಳಿದವರು ಪಿಸುಗುಟ್ಟಲೂ ಬಾರದು. ಹಾಗಾದರೆ ನೀರು ಬೇಕಾದವನು ಏನು ಮಾಡಬೇಕು? ಯಾರೂ ಬಾಯಿಬಿಟ್ಟು ಕೇಳುವ ಅಗತ್ಯವೇ ಬಾರದಂತೆ ಒಬ್ಬರಿಗೊಬ್ಬರು ನೋಡಿಕೊಂಡು ಬಡಿಸಬೇಕು ಅಂತ ನಿಯಮ. ಟೀಚರ್, ಒಂದು ದಿನ ಮಕ್ಕಳನ್ನು ಹೀಗೆ ಊಟಕ್ಕೆ ಕೂರಿಸಿ ನೋಡಿ. ಸುಮ್ಮನಿದ್ದಾಗಲೇ ಪಕ್ಕದವನ ತಟ್ಟೆ ಕಣ್ಣಿಗೆ ಬೀಳುತ್ತದೆ.

ಕೊಳ್ಳೇಗಾಲದ_ಟೀಚರ್:

ಎಲ್ಲರಿಗೂ ತುಂಬಾ ಧನ್ಯವಾದ. ಪಾಠವನ್ನು ಕೊರಿಂಥದ ಊಟದಿಂದ ಶುರು ಮಾಡುತ್ತೇನೆ, ಆಳುಗಳನ್ನು ಕರೆಯುವ ವಿಷಯ ಆಮೇಲೆ. ಯಾಕೋಬರ ಎರಡನೇ ಅಧ್ಯಾಯ ನಾನೇ ಗಟ್ಟಿಯಾಗಿ ಓದುತ್ತೇನೆ. ಮೌನದ ಊಟಕ್ಕೆ ಫಾದರ್ ಅವರನ್ನು ಕೇಳಬೇಕು. ಒಂದೇ ಒಂದು ಅನುಮಾನ ಉಳಿದಿದೆ: ಬಬಲ್‌ಗಮ್ ಅಗಿದರೆ ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸ ಮುರಿಯುತ್ತದಾ ಅಂತ ಮಕ್ಕಳು ಕೇಳೇ ಕೇಳುತ್ತಾರೆ. ಒಬ್ಬ ಹುಡುಗನಿಗೆ ಆಸ್ತಮಾ ಇದೆ, ಯಾವಾಗಲೂ ಕೆಮ್ಮು. ಅವನು ಕೆಮ್ಮಿನ ಸಿರಪ್ ಕುಡಿದು ಬಂದರೆ?

ಹಳೇ_ವಾರ್ಡನ್:

ಸಿರಪ್ ಕುಡಿದೇ ಬರಲಿ. ನೀರು, ಔಷಧಿಗೆ ಆ ನಿಯಮದಲ್ಲೇ ವಿನಾಯಿತಿ ಇದೆ. ಕಾಯಿಲೆಯವರು, ವಯಸ್ಸಾದವರು, ಅವರನ್ನು ಆರೈಕೆ ಮಾಡುವವರು ಆ ಒಂದು ಗಂಟೆಯೊಳಗೆ ಊಟ ಮಾಡಿದ್ದರೂ ಸ್ವೀಕರಿಸಬಹುದು. ಬಬಲ್‌ಗಮ್ಮಿನ ಬಗ್ಗೆ ಲೆಕ್ಕಾಚಾರಕ್ಕೆ ಇಳಿಯಬೇಡಿ, ಬಾಗಿಲ ಹತ್ತಿರ ಒಂದು ಡಬ್ಬ ಇಟ್ಟು ಕಾಗದದಲ್ಲಿ ಸುತ್ತಿ ಹಾಕಿ ಬರಲು ಹೇಳಿ. ಆ ಕೆಮ್ಮುವ ಹುಡುಗನನ್ನು ಮಾತ್ರ ಪಾಠದ ದಿನ ಯಾರೂ ತಿರುಗಿ ನೋಡದ ಹಾಗೆ ನೋಡಿಕೊಳ್ಳಿ. ಕ್ಯಾಸಿಯನ್ ಮಾತು ಹೇಳುವಾಗ, ಕಾಯಿಲೆಯ ಕೆಮ್ಮಿಗೂ ಅಸಡ್ಡೆಯ ಕೆಮ್ಮಿಗೂ ವ್ಯತ್ಯಾಸ ಇದೆ ಅಂತ ಮೊದಲೇ, ಅವನ ಹೆಸರೆತ್ತದೆ, ಹೇಳಿಬಿಡಿ.