ಸಹಾಯ ಬೇಕು: ಕಲಬುರಗಿಯಲ್ಲಿ ‘ಎ ಟ್ರೈಬ್ ಕಾಲ್ಡ್ ಕ್ವೆಸ್ಟ್’ ಕೇಳುವವರು ಇದ್ದೀರಾ?

ಎಲ್ಲರಿಗೂ ಶರಣು. ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಈ ರ‍್ಯಾಪ್ ತಂಡ ನನ್ನನ್ನು ಪೂರ್ತಿ ಆವರಿಸಿಕೊಂಡಿದೆ. ಕ್ಯೂ-ಟಿಪ್ ಮೆಲ್ಲಗೆ ಒಂದು ಸಾಲು ಎಸೆಯುತ್ತಾನೆ, ಫೈಫ್ ಡಾಗ್ ಅದನ್ನು ಹಿಡಿದು ಖಡಕ್ಕಾಗಿ ತಿರುಗಿಸುತ್ತಾನೆ. ಜಾತ್ರೆಯಲ್ಲಿ ಹರದೇಶಿ-ನಾಗೇಶಿ ಮೇಳಗಳು ವಾದಕ್ಕೆ ಬಿದ್ದಂತೆ! ಹಿನ್ನೆಲೆಯಲ್ಲಿ ಜಾಝ್ ಸಂಗೀತದ ತುಣುಕುಗಳು. 1991ರ ಎರಡನೆಯ ಆಲ್ಬಮ್‌ನಲ್ಲಿ ಜಾಝ್ ದಿಗ್ಗಜ ರಾನ್ ಕಾರ್ಟರ್ ಅವರೇ ಡಬಲ್ ಬೇಸ್ (ತಗ್ಗು ದನಿಯ ದೊಡ್ಡ ತಂತಿವಾದ್ಯ) ನುಡಿಸಿದ್ದಾರೆ.

ತೊಡಕು ಅಲ್ಲಿಯೇ ಇದೆ. ಆ ಬೇಸ್ ನನ್ನ ಮೊಬೈಲಿನಲ್ಲಿ ಕೇಳಿಸುವುದೇ ಇಲ್ಲ. ರೆಕಾರ್ಡ್ ಪ್ಲೇಯರ್ ಅಥವಾ ಒಳ್ಳೆಯ ಸ್ಪೀಕರ್ ಇರುವವರು ಒಂದು ಸಂಜೆ ಜೊತೆಯಲ್ಲಿ ಕೂತು ಕೇಳಲು ಅವಕಾಶ ಕೊಡುತ್ತೀರಾ? ಬೀದರ್, ಯಾದಗಿರಿಯಾದರೂ ಸರಿ, ಬಸ್ ಹತ್ತಿ ಬರುತ್ತೇನೆ. ಹಳೆಯ ಸಿ.ಡಿ. ಮಾರುವವರಿದ್ದರೂ ತಿಳಿಸಿ.

ಇನ್ನೊಂದು ಕೋರಿಕೆ ನನಗೆ ಇದಕ್ಕಿಂತ ಮುಖ್ಯ. ಫೈಫ್ ಡಾಗ್‌ನ ಮನೆತನದ ಬೇರು ಟ್ರಿನಿಡಾಡಿನದು. ಅವನ ಪದ್ಯಗಳಲ್ಲಿ ಕೆರಿಬಿಯನ್ ಮಾತಿನ ವರಸೆ, ಕ್ವೀನ್ಸಿನ ಬೀದಿಗಳು, ಬಾಸ್ಕೆಟ್‌ಬಾಲ್ ಆಟಗಾರರ ಹೆಸರುಗಳು ಒಂದರ ಮೇಲೊಂದು ಬರುತ್ತವೆ. ನ್ಯೂಯಾರ್ಕಿನಲ್ಲಿ ಓದಿದವರು, ದುಡಿದವರು ಯಾರಾದರೂ ಸಾಲುಸಾಲಾಗಿ ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ. ಅವನು 2016ರ ಮಾರ್ಚ್‌ನಲ್ಲಿ ತೀರಿಕೊಂಡ. ಅದೇ ನವೆಂಬರ್‌ನಲ್ಲಿ ಬಂದ ಕೊನೆಯ ಆಲ್ಬಮ್‌ನಲ್ಲಿ ಅವನ ದನಿಯಿದೆ. ಅದನ್ನು ಅರ್ಥ ತಿಳಿದೇ ಕೇಳಬೇಕೆಂಬ ಹಟ ನನ್ನದು.

ಸೂಪರ್ ಮಾರ್ಕೆಟ್ ಸುತ್ತಮುತ್ತ ಇರುವವರಾದರೆ ಭೇಟಿ ಸುಲಭ. ಅಣ್ಣಂದಿರೇ, ಅಕ್ಕಂದಿರೇ, ಇಲ್ಲಿಯೇ ಉತ್ತರ ಬರೆಯಿರಿ.