ಪದಚರ್ಚೆ: ‘ಸೈನ್ಸ್ ಸ್ನ್ಯಾಕ್’ ಎಂಬುದಕ್ಕೆ ಏನೆನ್ನೋಣ? (ಶನಿವಾರದೊಳಗೆ ಬೇಕು)

ಕಾರವಾರದಿಂದ, ಮಂಗಳವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ನಮ್ಮ ಪ್ರೌಢಶಾಲೆಯ ಪ್ರಯೋಗಾಲಯದ ಒಂದು ಮೂಲೆಗೆ ಬೋರ್ಡ್ ಬರೆಸುತ್ತಿದ್ದೇವೆ. ಫ್ಲೆಕ್ಸ್ ಅಂಗಡಿಯವರು ಎರಡು ಸಲ ಫೋನ್ ಮಾಡಿ ಆಯಿತು. ಪದ ಮಾತ್ರ ಸಿಕ್ಕಿಲ್ಲ.

ಸ್ಯಾನ್ ಫ್ರಾನ್ಸಿಸ್ಕೊದ ಎಕ್ಸ್‌ಪ್ಲೊರೇಟೋರಿಯಂ ಗೊತ್ತಿರಬಹುದು. ಭೌತವಿಜ್ಞಾನಿ ಫ್ರಾಂಕ್ ಒಪೆನ್‌ಹೈಮರ್ 1969ರಲ್ಲಿ ಆರಂಭಿಸಿದ ವಿಜ್ಞಾನ ಸಂಗ್ರಹಾಲಯ. ಅಲ್ಲಿನ ದೊಡ್ಡ ಪ್ರದರ್ಶಿಕೆಗಳನ್ನು ತರಗತಿಯ ಮೇಜಿನ ಮೇಲೆ, ಅಗ್ಗದ ಸಾಮಾನಿನಲ್ಲಿ ಮಾಡಿಕೊಳ್ಳುವ ವಿಧಾನವನ್ನು ಅವರು ಅಂತರಜಾಲದಲ್ಲಿ ಪುಕ್ಕಟೆ ಇಟ್ಟಿದ್ದಾರೆ. ಅವುಗಳ ಹೆಸರು ‘ಸೈನ್ಸ್ ಸ್ನ್ಯಾಕ್ಸ್’. ಕೆಲವನ್ನು ಎಂಟನೆಯ ತರಗತಿಗೆಂದು ಕನ್ನಡಕ್ಕೆ ತರುತ್ತಿದ್ದೇನೆ.

ಒಂದನ್ನು ನಿನ್ನೆ ಮಾಡಿಸಿದೆ. ಬೇಕರಿಯಲ್ಲಿ ಕೊಡುವ ಸಾಸ್ ಪ್ಯಾಕೆಟ್ಟನ್ನು ಒಡೆಯದೆ ನೀರಿನ ಬಾಟಲಿಯೊಳಗೆ ತೂರಿಸಿ, ಕಂಠದವರೆಗೂ ನೀರು ತುಂಬಿ, ಮುಚ್ಚಳ ಬಿಗಿಯಬೇಕು. ಬಾಟಲಿಯನ್ನು ಹಿಸುಕಿದರೆ ಪ್ಯಾಕೆಟ್ಟಿನೊಳಗಿನ ಗಾಳಿಗುಳ್ಳೆ ಕುಗ್ಗುತ್ತದೆ, ಪ್ಯಾಕೆಟ್ ಮುಳುಗುತ್ತದೆ. ಕೈ ಸಡಿಲಿಸಿದರೆ ಏಳುತ್ತದೆ. ನಮ್ಮ ಮೊದಲ ಪ್ಯಾಕೆಟ್ ಬಾವಿ ನೀರಿನಲ್ಲಿ ಹಿಸುಕುವ ಮೊದಲೇ ತಳ ಸೇರಿತು. ಒಬ್ಬ ಹುಡುಗ ಓಡಿಹೋಗಿ ಕಡಲ ನೀರು ತಂದ, ಅದರಲ್ಲಿ ತೇಲಿತು! ಉಪ್ಪು ನೀರಿನ ಪಾಠ ಬೇರೆ ಮಾಡುವ ಅಗತ್ಯವೇ ಬೀಳಲಿಲ್ಲ.

ಇನ್ನೊಂದು ತೊಡಕು. ಪ್ರತಿ ಹಾಳೆಯಲ್ಲೂ ‘ಟು ಡೂ ಆ್ಯಂಡ್ ನೋಟಿಸ್’ ಎಂಬ ಉಪಶೀರ್ಷಿಕೆ ಇದೆ. ‘ಮಾಡಿ ನೋಡಿ’ ಎಂದು ಬರೆದಿದ್ದೇನೆ. ಸರಿಯೇ?

ಶಿರಸಿಯಿಂದ, ಬುಧವಾರ ಬೆಳಿಗ್ಗೆ

ಅಕ್ಕೋರೇ, ಪದ ನಿಮ್ಮ ಜಿಲ್ಲೆಯಲ್ಲೇ ಇದೆ: ಆಸರಿ. ಮನೆಗೆ ಬಂದವರಿಗೆ ‘ಆಸರಿಗೆ ಏನು ಮಾಡಲಿ’ ಎಂದು ಕೇಳುವುದಿಲ್ಲವೇ? ಹಳಗನ್ನಡದ ಆಸಱು ಎಂದರೆ ದಣಿವು, ಬಾಯಾರಿಕೆ. ಅದನ್ನು ನೀಗುವುದು ಆಸರಿ. ಪಾಠದ ದಣಿವನ್ನು ನೀಗುವುದು ‘ವಿಜ್ಞಾನದ ಆಸರಿ’. ಬೋರ್ಡಿನಲ್ಲಿ ಸಾಧ್ಯವಾದರೆ ಱಕಾರವನ್ನೇ ಹಾಕಿಸಿ. ಮಕ್ಕಳು ಅದನ್ನು ಇನ್ನೆಲ್ಲಿ ಕಾಣಬೇಕು?

ಕುಮಟಾದಿಂದ, ಬುಧವಾರ ಬೆಳಿಗ್ಗೆ

ಆಸರಿ ಕುಡಿಯುವುದು. ಸ್ನ್ಯಾಕ್ ತಿನ್ನುವುದು. ಱಕಾರದ ಹರಕೆಯನ್ನು ಶಾಲೆಯ ಬೋರ್ಡಿನ ಮೇಲೆ ತೀರಿಸಬೇಡಿ.

‘ಕಿರುಪ್ರಯೋಗ’ ಎನ್ನಿ, ಮುಗಿಯಿತು. ಇಂಗ್ಲಿಷಿನವರು ತಿಂಡಿ ಎಂದರೆ ನಾವೂ ತಿಂಡಿ ಎನ್ನಬೇಕೇ?

ಹಳಿಯಾಳದಿಂದ, ಬುಧವಾರ ಮಧ್ಯಾಹ್ನ

ತಿಂಡಿ ಎಂದು ಬರೆಯುವ ಮೊದಲು ನಮ್ಮನ್ನೂ ಒಂದು ಮಾತು ಕೇಳಿ. ಘಟ್ಟದ ಮೇಲೆ ಧಾರವಾಡದ ಗಾಳಿ ಬೀಸುವ ಊರುಗಳಲ್ಲಿ ‘ನಿನಗೆ ತಿಂಡಿಯೇ?’ ಎಂದರೆ ಜಗಳಕ್ಕೆ ಮೈ ತುರಿಸುತ್ತಿದೆಯೇ ಎಂದರ್ಥ. ‘ವಿಜ್ಞಾನ ತಿಂಡಿ’ ಎಂಬ ಬೋರ್ಡ್ ಕಂಡರೆ ನಮ್ಮ ಹುಡುಗರು ಅಂಗಿಯ ತೋಳು ಮಡಚಿ ಒಳಗೆ ಬರುತ್ತಾರೆ.

ಹೊನ್ನಾವರದಿಂದ, ಬುಧವಾರ ಸಂಜೆ

ಕುಮಟಾದವರ ‘ಮುಗಿಯಿತು’ ಮುಗಿದಿಲ್ಲ. ಸ್ನ್ಯಾಕ್ ಎಂಬ ಹೆಸರು ಬಾಯಿಚಪಲಕ್ಕೆ ಬಂದದ್ದಲ್ಲ. ಪ್ರದರ್ಶಿಕೆಗಳನ್ನು ಕಟ್ಟುವ ಬಗೆಯನ್ನು ಬೇರೆ ಸಂಗ್ರಹಾಲಯಗಳಿಗೆ ತಿಳಿಸಲು ಅವರು ಪುಸ್ತಕ ಮಾಡಿದರು. ಅದನ್ನು ಕರೆದದ್ದೇ ಅಡುಗೆ ಪುಸ್ತಕ ಎಂದು. ಆಮೇಲೆ ಶಾಲೆಯ ಶಿಕ್ಷಕರು ಅವುಗಳನ್ನೇ ತಮ್ಮ ತರಗತಿಗೆ ಸಾಲುವಷ್ಟು ಕಿರಿದು ಮಾಡಿಕೊಂಡರು. ದೊಡ್ಡದು ಊಟವಾದರೆ ಚಿಕ್ಕದು ತಿಂಡಿ. ‘ಕಿರುಪ್ರಯೋಗ’ ಎಂದರೆ ಕಿರಿದು ಉಳಿಯುತ್ತದೆ, ಅಡುಗೆಮನೆ ಹೋಗುತ್ತದೆ. ಅಲ್ಲದೆ ಪ್ರಯೋಗ ಎಂದ ಕೂಡಲೇ ಮಕ್ಕಳು ‘ಉದ್ದೇಶ, ಬೇಕಾಗುವ ಉಪಕರಣಗಳು, ತೀರ್ಮಾನ’ ಎಂದು ಗೆರೆ ಎಳೆದು ಬರೆಯಲು ಕೂರುತ್ತಾರೆ.

ಎರಡನೆಯ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲ. ಅಕ್ಕೋರೇ, ‘ಮಾಡಿ ನೋಡಿ’ ತಪ್ಪು. ಅಲ್ಲಿ ‘ನೋಡು’ ಸಹಾಯಕ ಕ್ರಿಯಾಪದ. ‘ತಿಂದು ನೋಡಿ’ ಎಂದರೆ ಕಣ್ಣಿಗೆ ಕೆಲಸವಿಲ್ಲ. ‘ಮಾಡಿ ನೋಡಿ’ ಎಂದರೂ ಅಷ್ಟೇ, ಪ್ರಯತ್ನಿಸಿ ಎಂದಾಗುತ್ತದೆ. ಮಾಡಿದ ಮೇಲೆ ಕಣ್ಣಿಟ್ಟು ಕಾಣಬೇಕು ಎಂಬುದೇ ಆ ಸಂಗ್ರಹಾಲಯದ ಜೀವ. ನಡುವೆ ಅಲ್ಪವಿರಾಮ ಹಾಕಿ, ಕ್ರಿಯಾಪದ ಬದಲಿಸಿ: ‘ಮಾಡಿ, ಗಮನಿಸಿ’.

ಭಟ್ಕಳದಿಂದ, ಗುರುವಾರ ಬೆಳಿಗ್ಗೆ

ಇಷ್ಟೆಲ್ಲ ಏಕೆ? ‘ವಿಜ್ಞಾನ ಸ್ನ್ಯಾಕ್ಸ್’ ಎಂದೇ ಬರೆಯಿರಿ. ಕರಾವಳಿಯವರಿಗೆ ಮಡಿ ಯಾವಾಗಿನಿಂದ? ಬಟಾಟೆ, ಚಾವಿ, ಪಗಾರ, ಮೂರೂ ಪೋರ್ತುಗೀಸರಿಂದ ಬಂದವು.

ಕುಮಟಾದಿಂದ, ಗುರುವಾರ ಬೆಳಿಗ್ಗೆ

ಬಟಾಟೆ ಹಡಗಿನಲ್ಲಿ ಬಂತು, ಹೆಸರೂ ಅದರ ಜೊತೆಗೆ ಬಂತು. ಸ್ನ್ಯಾಕ್ ಬರುವವರೆಗೆ ನಾವು ಉಪವಾಸವಿದ್ದೆವೇ?

ಭಟ್ಕಳದಿಂದ, ಗುರುವಾರ, ಹತ್ತು ನಿಮಿಷದ ನಂತರ

ಚಾವಿಯ ಮಾತನ್ನು ನುಂಗಿದಿರಿ. ಬೀಗದಕೈ ಮನೆಯಲ್ಲಿರುವಾಗಲೇ ಚಾವಿ ಬಂತು. ಈಗ ನೀವೂ ಚಾವಿ ಎಂದೇ ಹುಡುಕುತ್ತೀರಿ.

ಅಂಕೋಲಾದಿಂದ, ಗುರುವಾರ ಸಂಜೆ

ಗಂಡಸರು ಬೀಗ ತೆರೆಯುವುದರೊಳಗೆ ಶನಿವಾರ ಬರುತ್ತದೆ. ನನಗೆ ಮೊದಲು ಹೊಳೆದದ್ದು ‘ಕೈತುತ್ತು’. ಆಮೇಲೆ ಬಿಟ್ಟೆ. ಕೈತುತ್ತನ್ನು ಅಮ್ಮ ಕಲಸಿ ಕೊಡುತ್ತಾಳೆ, ಮಗು ಕೈ ಚಾಚಿದರೆ ಸಾಕು. ಇಲ್ಲಿ ಕಲಸುವವರೂ ಮಕ್ಕಳೇ. ಆದರೆ ಬೀಗದಕೈಯಲ್ಲಿನ ಆ ಕೈ ಇದೆಯಲ್ಲ, ಅದನ್ನು ಬಿಡಬೇಡಿ. ಕೈತೋಟ ಎಂದರೆ ಚಿಕ್ಕದೂ ಹೌದು, ನಾವೇ ಮಾಡಿಕೊಂಡದ್ದೂ ಹೌದು. ಹಾಗೆಯೇ ‘ಕೈತಿಂಡಿ’. ಹಳಿಯಾಳದವರಿಗೂ ತೊಂದರೆಯಾಗಲಾರದು, ಕೈ ಸೇರಿದರೆ ತುರಿಕೆ ಇಳಿಯುತ್ತದೆ.

ಹಳಿಯಾಳದಿಂದ, ಗುರುವಾರ ರಾತ್ರಿ

ಕೈ ಸೇರಿದರೆ ನಮ್ಮಲ್ಲಿ ತುರಿಕೆ ಹೆಚ್ಚುತ್ತದೆ. ಆದರೂ ಒಪ್ಪಿದೆ.

ಕುಮಟಾದಿಂದ, ಶುಕ್ರವಾರ

ಪದ ಪರವಾಗಿಲ್ಲ, ಸಂಧಿ ತಪ್ಪು. ಕನ್ನಡಿ ಕೈಗನ್ನಡಿಯಾದರೆ, ಕಡ ಕೈಗಡವಾದರೆ, ತಿಂಡಿ ಕೈದಿಂಡಿಯಾಗಬೇಕು.

ಹೊನ್ನಾವರದಿಂದ, ಶುಕ್ರವಾರ

ಕೈತುತ್ತು ಯಾರ ಬಾಯಲ್ಲಿ ಕೈದುತ್ತಾಯಿತು? ಕೈಕೆಲಸ ಕೈಗೆಲಸವಾಯಿತೇ? ಕೈದಿಂಡಿ ಎಂದರೆ ಕೈದಿಗಳಿಗೆ ಕೊಡುವ ತಿಂಡಿಯಂತೆ ಕೇಳಿಸುತ್ತದೆ.

ಶಿರಸಿಯಿಂದ, ಶುಕ್ರವಾರ

ಆಸರಿಯ ಬಗ್ಗೆ ಯಾರೂ ಸರಿಯಾದ ಕಾರಣ ಕೊಟ್ಟಿಲ್ಲ ಎಂಬುದು ದಾಖಲೆಯಲ್ಲಿರಲಿ. ಹಾಗೆಯೇ ‘ಸಂಗ್ರಹಾಲಯ’ ಎಂಬ ಪದವನ್ನೂ ಎಲ್ಲರೂ ಕಣ್ಣುಮುಚ್ಚಿ ಬಳಸುತ್ತಿದ್ದೀರಿ. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ ಗುಂಡಿ ಒತ್ತಿ, ಹಿಡಿಕೆ ತಿರುಗಿಸಿ ಬಂದವರಿಗೆ ಅಲ್ಲಿ ‘ಸಂಗ್ರಹ’ವೇ ಮುಖ್ಯ ಎನ್ನಿಸಿತೇ? ಇದಕ್ಕೆ ಬೇರೆ ಓಲೆ ಬರೆಯುತ್ತೇನೆ.

ಕುಮಟಾದಿಂದ, ಶುಕ್ರವಾರ

ಬೇಡ.

ಕಾರವಾರದಿಂದ, ಭಾನುವಾರ

ಎಲ್ಲರಿಗೂ ಕೃತಜ್ಞತೆ. ನಿನ್ನೆ ಸಂಜೆ ‘ವಿಜ್ಞಾನದ ಕೈತಿಂಡಿ’ ಎಂದು ಕೊಟ್ಟುಬಂದೆ, ತಕಾರವನ್ನು ಎರಡು ಸಲ ತಿದ್ದಿ ತೋರಿಸಿಯೇ ಬಂದೆ. ಹಾಳೆಗಳಲ್ಲೆಲ್ಲ ‘ಮಾಡಿ, ಗಮನಿಸಿ’ ಎಂದು ಬದಲಾಯಿಸಿದೆ. ಅಲ್ಪವಿರಾಮವನ್ನು ಮಕ್ಕಳಿಗೆ ವಿವರಿಸಲು ‘ತಿಂದು ನೋಡಿ’ ಉದಾಹರಣೆಯೇ ಸಾಕಾಯಿತು.

ಇಂದು ಬೋರ್ಡ್ ಬಂತು. ಕಾಗುಣಿತ ಸರಿಯಾಗಿದೆ. ಕೈತಿಂಡಿ ಎಂಬ ಅಕ್ಷರಗಳ ಎರಡೂ ಬದಿಗೆ ಅಂಗಡಿಯವರು ತಾವಾಗಿಯೇ ಒಂದೊಂದು ಸಮೋಸಾದ ಚಿತ್ರ ಹಾಕಿದ್ದಾರೆ. ಬದಲಿಸಲು ಸಮಯವಿಲ್ಲ. ಒಂದರ ಮೇಲೆ ಸಾಸ್ ಪ್ಯಾಕೆಟ್ಟಿನ ಬಾಟಲಿಯ ಚಿತ್ರ ಅಂಟಿಸಿದ್ದೇವೆ, ಇನ್ನೊಂದನ್ನು ಹುಡುಗರು ಬಿಟ್ಟುಕೊಡಲು ಒಪ್ಪಲಿಲ್ಲ.